ಗೋಲುಗಂಬದ ಮೇಲೆ ನೆರಿಡಾ

ಬ್ರಿಂಡಲ್ ಗ್ಯಾಪ್‌ಗೆ ಬಂದವರು ಏನು ನೋಡಬೇಕು, ಏನು ಮಾಡಬೇಕು ಎಂದು ಹೇಳುವುದು ನೆರಿಡಾ ಜನೆಲ್ಲಾಳ ಕೆಲಸ. ಅಂಚೆ ಕಚೇರಿಯ ಪಕ್ಕದ ಪುಟ್ಟ ಮರದ ಕೋಣೆಯಲ್ಲಿ, 'ಮಾಹಿತಿ' ಎಂದು ಬರೆದ ಹಳದಿ ಹಲಗೆಯ ಕೆಳಗೆ ಕೂತು ಅವಳು ಹತ್ತಿರ ಹತ್ತಿರ ಇಪ್ಪತ್ತು ವರ್ಷ ಅದನ್ನೇ ಹೇಳಿದ್ದಳು. ತೂಗುಸೇತುವೆ, ಹಳೇ ಚಿನ್ನದ ಸುರಂಗ, ಚೆಸ್ಟ್‌ನಟ್ ತೋಪು, ನದಿಯ ಮಡು, ಕಡೆಗೆ ಗುಡ್ಡದ ನೆತ್ತಿಯಿಂದ ಪ್ಯಾರಾಗ್ಲೈಡರಿನ ಹಾರಾಟ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಇದೇ ಸಾಲು, ಇದೇ ನಗು.

ಏಪ್ರಿಲ್ ತಿಂಗಳ ಕೊನೆಯ ಒಂದು ಶನಿವಾರ, ದಕ್ಷಿಣಗೋಳದ ಆ ಊರಿಗೆ ಎಲೆ ಉದುರುವ ಕಾಲ. ಬೀದಿಯ ಮರಗಳೆಲ್ಲ ಕೆಂಪಾಗಿ, ಬೆಳಗಿನ ಚಳಿ ಬಿಸಿಲಿಗೆ ಆಗಷ್ಟೇ ಕರಗುತ್ತಿತ್ತು. ಬಯಲು ಸೀಮೆಯ ಕಡೆಯಿಂದ ಬಂದ ಹಿರಿಯರ ಕ್ಲಬ್ಬಿನ ಬಸ್ಸು ಬೇಕರಿಯ ಮುಂದೆ ನಿಂತಿತು. ಎಲ್ಲರೂ ಬೇಕರಿಗೆ ನುಗ್ಗಿದರೆ, ಒಬ್ಬಳು ಮಾತ್ರ ನೆಟ್ಟಗೆ ನೆರಿಡಾಳ ಕಿಟಕಿಗೆ ಬಂದಳು. ಎಂಬತ್ತು ದಾಟಿದ ಮುದುಕಿ, ಕಾಲಿಗೆ ಗಂಡಸರ ಬೂಟು, ತಲೆಗೆ ಬಿಳೀ ಟೋಪಿ. ಹೆಸರು ಈಡಿತ್ ಪ್ಯಾಸ್ಕೋ.

"ಏನಮ್ಮಾ, ಈ ಊರಲ್ಲಿ ನೋಡೋಕೆ ಏನಿದೆ? ನಮ್ಮ ಕಡೆ ಗೋಧಿ ಕಣಜಕ್ಕಿಂತ ಎತ್ತರವಾಗಿರೋದು ಒಂದೂ ಇಲ್ಲ. ಇವತ್ತು ಸಾಯಂಕಾಲದ ತನಕ ಟೈಮಿದೆ, ಎಲ್ಲಾ ನೋಡ್ಬೇಕು."

ನೆರಿಡಾ ತನ್ನ ಬಾಯಿಪಾಠ ಒಪ್ಪಿಸಿದಳು. ಈಡಿತ್ ಕೊನೆಯ ತನಕ ಕೇಳಿ, "ಇದ್ರಲ್ಲಿ ನಿಂಗ್ಯಾವ್ದು ಇಷ್ಟ?" ಎಂದಳು.

ಇಷ್ಟು ವರ್ಷದಲ್ಲಿ ಇದನ್ನು ಕೇಳಿದವರೇ ಇರಲಿಲ್ಲ. "ಎಲ್ಲಾನೂ ಚೆನ್ನಾಗಿದೆ," ಎಂದಳು ನೆರಿಡಾ.

"ಸರಿ ಹೋಯ್ತು. ನೀನು ಕಡೇ ಸಲ ಆ ತೂಗುಸೇತುವೆ ಮೇಲೆ ಹೋಗಿದ್ದು ಯಾವಾಗ?"

"ಮದುವೆ ಫೋಟೋ ತೆಗೆಸ್ಕೊಳ್ಳೋಕೆ."

"ಯಾರ ಮದುವೆ, ಮಗಳದಾ?"

"ನನ್ನದೇ."

ಈಡಿತ್ ಕಿಟಕಿಯ ಕಟ್ಟೆ ಹಿಡಿದುಕೊಂಡು ನಕ್ಕಳು. ನೆರಿಡಾಗೆ ಮೊದಲು ಸಿಟ್ಟು ಬಂತು, ಆಮೇಲೆ ಅವಳಿಗೂ ನಗು ತಡೆಯಲಾಗಲಿಲ್ಲ. ಆದರೆ ಅದರಲ್ಲಿ ನಗುವಂಥದ್ದೇನೂ ಇರಲಿಲ್ಲ. ಬ್ರಿಂಡಲ್ ಗ್ಯಾಪಿನಲ್ಲಿ ಎಲ್ಲರೂ ಹಾಗೆಯೇ. ಸೇತುವೆ, ಸುರಂಗ, ಹಾರಾಟ ಎಲ್ಲ ಬಂದವರಿಗೆ. ಇದ್ದವರಿಗೆ ಸೌದೆ ಒಡೆಯುವುದು, ಮಾಡಿನ ಮೇಲೆ ಬಿದ್ದ ಎಲೆ ಗುಡಿಸುವುದು, ಶನಿವಾರ ಫುಟ್‌ಬಾಲು.

ಅಷ್ಟರಲ್ಲಿ ಫೋನು ಬಂತು. ಜನರನ್ನು ತನ್ನ ಮುಂದೆ ಕಟ್ಟಿಕೊಂಡು ಗುಡ್ಡದ ಮೇಲಿಂದ ಹಾರುವ ಟ್ಯಾಮ್ಸಿನ್. ಅವಳು ಮತ್ತು ಅವಳ ಅಣ್ಣ ಜೋರಿ ಇಬ್ಬರದ್ದೂ ಅದೇ ಉದ್ಯೋಗ. "ನೆರಿಡಾ, ಮಧ್ಯಾಹ್ನ ಬರ್ಬೇಕಿದ್ದ ಗಂಡ ಹೆಂಡ್ತಿ ಕೈಕೊಟ್ರು ಕಣ್ರೀ. ಯಾರಾದ್ರೂ ಇದ್ರೆ ಕಳಿಸಿ. ಗಾಳಿ ಹೆಂಗಿದೆ ಗೊತ್ತಾ? ಬೆಣ್ಣೆ, ಬೆಣ್ಣೆ!"

ಫೋನಿನ ದನಿ ಕಿಟಕಿಯಾಚೆಗೂ ಕೇಳುವಷ್ಟು ಜೋರಾಗಿತ್ತು. "ಇಬ್ರಿಗೆ ಜಾಗ ಇದ್ಯಂತಾ?" ಎಂದಳು ಈಡಿತ್. "ಇಬ್ರು ಇದೀವಿ ಅಂತ ಹೇಳು."

"ನಾನಾ? ಅಯ್ಯೋ, ನಾನು ಮ್ಯಾಚ್‌ಗೆ ಹೋಗ್ಬೇಕು. ಇವತ್ತು ಟಾರಂಬಾ ಊರಿನ ಮೇಲೆ ಆಟ. ನನ್ನ ಗಂಡ ಗೋಲ್ ಅಂಪೈರು, ಗೋಲಾದ್ರೆ ಬಾವುಟ ಎತ್ತೋನು."

"ಗೋಲ್ ಅಂಪೈರಿಗೆ ಹೆಂಡ್ತಿ ಯಾಕೆ ಬೇಕು? ಬಾವುಟ ಎತ್ತೋಕೆ ಅವನಿಗೇ ಎರಡು ಕೈಯಿಲ್ವಾ?"

"ಇಬ್ರು ಇದಾರೆ," ಎಂದು ಫೋನಿಗೆ ಹೇಳಿದ್ದು ತನ್ನ ಬಾಯೇ ಎಂದು ನೆರಿಡಾಗೆ ಫೋನು ಇಟ್ಟ ಮೇಲೆ ಗೊತ್ತಾಯಿತು.

ಶನಿವಾರ ಅರ್ಧ ದಿನವೇ ಕೆಲಸ. ಕಿಟಕಿ ಮುಚ್ಚಿದ್ದೇ ತಡ, ಈಡಿತ್ ಅವಳನ್ನು ಊರ ತುಂಬ ಎಳೆದಾಡಿದಳು. ತೂಗುಸೇತುವೆಯ ನಟ್ಟನಡುವೆ ನಿಂತು ಮುದುಕಿ ಬೂಟುಗಾಲಲ್ಲಿ ಧಪಧಪ ಕುಣಿದಳು. ಸೇತುವೆ ಅಲೆಯಂತೆ ಎದ್ದು ಬಿತ್ತು; ನೆರಿಡಾ ಎರಡೂ ಕಡೆಯ ಹಗ್ಗ ತಬ್ಬಿಕೊಂಡು "ಸಾಕು, ಸಾಕು ಮಾರಾಯ್ತಿ!" ಎಂದು ಕೂಗಿ, ಮರುಕ್ಷಣ ತಾನೂ ಒಮ್ಮೆ ಕುಣಿದು ನೋಡಿದಳು. ಸುರಂಗದೊಳಗೆ ಇಬ್ಬರೂ ಬೆನ್ನು ಬಗ್ಗಿಸಿ, ಟಾರ್ಚು ಹಿಡಿದು ಹೋದರು. ಗೋಡೆಯಿಂದ ಉದ್ದ ಮೀಸೆಯ ಮಿಡತೆಯೊಂದು ನೆರಿಡಾಳ ಕುತ್ತಿಗೆಗೇ ಹಾರಿತು. ಅವಳು ಹಾಕಿದ ಕೂಗು ಸುರಂಗದ ಇನ್ನೊಂದು ಬಾಯಿಂದ ಹೊರಬಿದ್ದಾಗ ಅಲ್ಲಿ ಫೋಟೋ ತೆಗೆಯುತ್ತಿದ್ದವರು ಹೆದರಿ ಓಡಿದರು. ತೋಪಿನಲ್ಲಿ ಚೆಸ್ಟ್‌ನಟ್‌ನ ಮುಳ್ಳುಸಿಪ್ಪೆಯನ್ನು ಬೂಟಿನಡಿ ಹೊಸಕಿ, ಬೆರಳು ಚುಚ್ಚಿಸಿಕೊಂಡು, ಸುಟ್ಟ ಕಾಯನ್ನು ಕೈಯಿಂದ ಕೈಗೆ ಎಸೆದಾಡುತ್ತಾ ತಿಂದರು. ನದಿಯ ಕೊರೆಯುವ ಮಡುವಿಗೆ ಕಾಲಿಳಿಸಿದ ಈಡಿತ್, "ಅಬ್ಬಬ್ಬ, ಈ ನೀರಿಗೆ ಹಲ್ಲಿದೆ!" ಎಂದು ಹಿಂದಕ್ಕೆ ಹಾರಿದಳು. ನೆರಿಡಾಳ ಕೆನ್ನೆ ಕೆಂಪೇರಿತ್ತು. ಇಷ್ಟೆಲ್ಲ ತನ್ನ ಮನೆಯಿಂದ ಕೂಗಳತೆಯಲ್ಲೇ ಇತ್ತಲ್ಲ ಎಂದುಕೊಂಡಳು.

ಗುಡ್ಡದ ನೆತ್ತಿಗೆ ಜೋರಿಯ ಗಾಡಿಯಲ್ಲಿ ಹತ್ತಿದರು. ಹುಲ್ಲಿನ ಇಳಿಜಾರು, ಅದರಾಚೆ ಏನೂ ಇಲ್ಲ. ಬರೀ ನೀಲಿ ಗಾಳಿ. ನೆರಿಡಾ ಎರಡು ಹೆಜ್ಜೆ ಹಿಂದಕ್ಕೆ ಸರಿದಳು.

"ನಂಗೆ ಅರವತ್ತೊಂದು, ಟ್ಯಾಮ್ಸಿನ್."

"ಅವರಿಗೆ ಎಂಬತ್ತನಾಲ್ಕು," ಎಂದು ಟ್ಯಾಮ್ಸಿನ್ ಅವಳ ತೊಡೆಗೆ, ಎದೆಗೆ ಪಟ್ಟಿ ಬಿಗಿಯುತ್ತಾ ಗಲ್ಲದಿಂದಲೇ ಅತ್ತ ತೋರಿಸಿದಳು. ಈಡಿತ್ ಆಗಲೇ ಹೆಲ್ಮೆಟ್ಟು ಹಾಕಿಕೊಂಡು ಜೋರಿಯ ಮುಂದೆ ನಿಂತು, "ಓಡ್ಲಾ? ಈಗ ಓಡ್ಲಾ?" ಎಂದು ಪೀಡಿಸುತ್ತಿದ್ದಳು. ಜೋರಿ ಹ್ಞೂಂ ಎಂದದ್ದೇ ತಡ ಅವರ ಹಿಂದೆ ಕಿತ್ತಳೆ ಬಣ್ಣದ ರೆಕ್ಕೆ ಎದ್ದಿತು, ನಾಲ್ಕು ಬೂಟು ಹುಲ್ಲಲ್ಲಿ ದಡಬಡ ಮಾಡಿದವು, ಅಷ್ಟೇ, ಇಬ್ಬರೂ ಮಾಯ. ದೂರದಿಂದ "ಯೂಹೂ!" ಎಂಬ ಕೂಗು ಮಾತ್ರ ತೇಲಿ ಬಂತು.

"ಈಗ ನಾವು. ನಾನು ನಿಲ್ಸಿ ಅನ್ನೋ ತನಕ ಓಡ್ತಾನೇ ಇರಿ. ನೆಲ ಮುಗಿದ್ರೂ ಓಡಿ."

ನೆರಿಡಾ ಓಡಿದಳು. ಹಿಂದಿನಿಂದ ಯಾರೋ ಹಿಡಿದು ಎಳೆದಂತಾಯಿತು, ಮತ್ತೂ ಓಡಿದಳು, ಹುಲ್ಲು ಬೂಟಿಗೆ ಸಿಗಲಿಲ್ಲ. ಕಾಲು ಇನ್ನೂ ಓಡುತ್ತಲೇ ಇತ್ತು. "ನಿಲ್ಸಿ, ನಿಲ್ಸಿ, ಹಾರ್ತಾ ಇದೀವಿ!" ಎಂದು ಟ್ಯಾಮ್ಸಿನ್ ಬೆನ್ನ ಹಿಂದೆ ನಗುತ್ತಿದ್ದಳು.

ಕೂಗಬೇಕು ಎಂದುಕೊಂಡವಳಿಗೆ ಉಸಿರೇ ಬರಲಿಲ್ಲ. ಕೆಳಗೆ ಮರಗಳ ನೆತ್ತಿ ಕುರಿಮಂದೆಯ ಬೆನ್ನಿನಂತೆ ಮೆತ್ತಗೆ ಕಂಡಿತು. ಬಿಸಿ ಗಾಳಿಯೊಂದು ಅಡಿಯಿಂದ ಎತ್ತಿತು, ಗುಡ್ಡ ಕೆಳಗಿಳಿಯಿತು. ಹದ್ದೊಂದು ಪಕ್ಕಕ್ಕೆ ಬಂದು, ಈ ಮುದುಕಿಗೇನು ಕೆಲಸ ಇಲ್ಲಿ ಎನ್ನುವ ಹಾಗೆ ಕುತ್ತಿಗೆ ಓರೆ ಮಾಡಿ ನೋಡಿ, ರೆಕ್ಕೆ ಆಡಿಸದೆ ಹೋಯಿತು. ಅಲ್ಲಿ ಅಂಚೆ ಕಚೇರಿ, ಅಲ್ಲಿ ತನ್ನ ಮನೆಯ ತಗಡು, ಹಿತ್ತಲಲ್ಲಿ ಒಣಗಲು ಹಾಕಿದ ಬಿಳೀ ಹಾಸಿಗೆವಸ್ತ್ರ.

"ನನ್ನ ಬಟ್ಟೆ! ನನ್ನ ಬಟ್ಟೆ ಕಾಣ್ತಿದೆ!" ಎಂದು ಕೊನೆಗೂ ಕೂಗಿದಳು. ಕೂಗಲು ಶುರು ಮಾಡಿದ ಮೇಲೆ ನಿಲ್ಲಿಸಲಾಗಲಿಲ್ಲ. "ಅಗೋ ಸೇತುವೆ! ಅಗೋ ಬೇಕರಿ! ಟ್ಯಾಮ್ಸಿನ್, ಆ ನದಿ ಎಷ್ಟು ಸೊಟ್ಟಗಿದೆ ನೋಡೇ!"

ಟ್ಯಾಮ್ಸಿನ್ ಉತ್ತರಿಸದೆ ಗಾಳಿಯ ದಿಕ್ಕು ತೋರಿಸುವ ಬಟ್ಟೆಚೀಲ ಕಟ್ಟಿದ ಕಂಬದತ್ತ ನೋಡುತ್ತಿದ್ದಳು. ಈಡಿತ್ ಮತ್ತು ಜೋರಿ ನದಿಯಾಚೆಯ ಹುಲ್ಲುಗಾವಲಿನಲ್ಲಿ, ಯಾವಾಗಲೂ ಇಳಿಯುವ ಜಾಗದಲ್ಲೇ, ಆಗಲೇ ಇಳಿದಿದ್ದರು. ಆದರೆ ಕಣಿವೆಯ ಗಾಳಿ ಈಗ ದಿಕ್ಕು ಬದಲಿಸಿ ಎದುರಿಂದ ಬೀಸತೊಡಗಿತ್ತು.

"ನೆರಿಡಾ, ಹೆದರ್ಕೋಬೇಡಿ. ಹುಲ್ಲುಗಾವಲಿನ ತನಕ ಹೋಗೋಕಾಗಲ್ಲ."

"ಮತ್ತೆಲ್ಲಿ ಇಳಿಯೋದು?"

"ಮರ ಇಲ್ಲ, ತಂತಿ ಇಲ್ಲ, ಒಂದೇ ಒಂದು ಜಾಗ ಇದೆ. ಫುಟ್‌ಬಾಲ್ ಮೈದಾನ."

"ಅಲ್ಲಿ ಮ್ಯಾಚ್ ನಡೀತಿದೆ!"

"ಗೊತ್ತು. ಜೋರಾಗಿ ಕೂಗಿ."

ಮೈದಾನದ ಸುತ್ತ ಕಾರುಗಳು ಮೂತಿ ಒಳಗೆ ಮಾಡಿ ನಿಂತಿದ್ದವು. ಆಟ ಕೊನೆಯ ಗಳಿಗೆಯಲ್ಲಿತ್ತು. ಎಷ್ಟೋ ವರ್ಷಗಳಿಂದ ಬ್ರಿಂಡಲ್ ಗ್ಯಾಪನ್ನು ಹಣಿಯುತ್ತಲೇ ಬಂದಿದ್ದ ಟಾರಂಬಾ ತಂಡ ಅವತ್ತು ಬರೀ ಐದು ಅಂಕ ಮುಂದಿತ್ತು. ಚೆಂಡನ್ನು ಕೈಯಲ್ಲೂ ಹಿಡಿಯುವ ಅವರ ಫುಟ್‌ಬಾಲಿನಲ್ಲಿ, ಎರಡು ಎತ್ತರದ ಕಂಬಗಳ ನಡುವೆ ಚೆಂಡು ಎಲ್ಲಿಯೂ ತಾಗದೆ ಹೋದರೆ ಆರು ಅಂಕ. ಕಂಬಕ್ಕೆ ಸೋಕಿದರೂ ಸಾಕು, ಒಂದೇ. ನೆರಿಡಾಳ ಮೈದುನನ ಮಗ, ಗ್ಯಾಪಿನ ನಾಯಕ ಡಾರಿಯೋ, ಚೆಂಡು ಹಿಡಿದು ಗುರಿ ನೋಡುತ್ತಿದ್ದ. ಕಂಬಗಳ ಹಿಂದೆ ಬಿಳೀ ಕೋಟು ತೊಟ್ಟ ಗೋಲ್ ಅಂಪೈರು, ಅವಳ ಗಂಡ ಆಲ್ಡೋ, ಮೊಣಕಾಲ ಮೇಲೆ ಕೈಯೂರಿ ಕಣ್ಣು ಕಿರಿದು ಮಾಡಿ ನಿಂತಿದ್ದ.

ಟ್ಯಾಮ್ಸಿನ್ ಹೇಳಿದ ಹಾಗೆ ನೆರಿಡಾ ಕೂಗಿದಳು. "ಆಲ್ಡೋ! ಆಲ್ಡೋ, ಪಕ್ಕಕ್ಕೆ ಹೋಗೋ!"

ಆಲ್ಡೋ ತಲೆಯೆತ್ತಿದ. ಹೆಂಡತಿಯ ಹಸಿರು ಸ್ವೆಟರು, ಹೆಂಡತಿಯ ದನಿ, ಆದರೆ ಇರಬಾರದ ಕಡೆ. ಅವನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಮೈದಾನದ ಅಷ್ಟೂ ಮುಖಗಳು ಮೇಲಕ್ಕೆ ತಿರುಗಿದವು. ಡಾರಿಯೋ ಒಬ್ಬನೇ ತಿರುಗಲಿಲ್ಲ, ಒದ್ದುಬಿಟ್ಟ. ಮುಕ್ತಾಯದ ಸೈರನ್ನೂ ಅದೇ ಹೊತ್ತಿಗೆ ಊಳಿಟ್ಟಿತು. ನೆರಿಡಾ ತನ್ನೆರಡು ಬೂಟುಗಳ ನಡುವೆ ಕೆಳಗೆ ನೋಡಿದಳು: ಕೆಂಪು ಚೆಂಡು ತಿರುಗುತ್ತಾ ಬಂತು, ಎಡಗಡೆಯ ಕಂಬಕ್ಕೆ ಮೆಲ್ಲಗೆ, ಬೆಕ್ಕು ಮೈ ಸವರಿ ಹೋದ ಹಾಗೆ ಸೋಕಿ, ಒಳಗೆ ಬಿತ್ತು.

ಆಟಗಾರರು ದಿಕ್ಕಾಪಾಲಾಗಿ ಚದುರಿದರು. "ಕಾಲು ಎತ್ತಿ!" ಎಂದಳು ಟ್ಯಾಮ್ಸಿನ್. ಮೈದಾನದ ನಟ್ಟನಡುವೆ ಇಬ್ಬರೂ ಕೆಸರಲ್ಲಿ ಕುಂಡೆಯೂರಿ ಜಾರಿದರು, ರೆಕ್ಕೆ ಮೈಮೇಲೆ ಚಾದರದಂತೆ ಬಿತ್ತು. ಒಳಗಿನಿಂದ ನೆರಿಡಾಳ ನಗು ಕೇಳಿ ಜನ ಚಪ್ಪಾಳೆ ತಟ್ಟಿದರು. ಕಾರುಗಳೆಲ್ಲ ಹಾರನ್ ಬಾರಿಸಿದವು.

ಅವಳು ರೆಕ್ಕೆಯಿಂದ ತಲೆ ಹೊರಗೆ ಹಾಕುವಷ್ಟರಲ್ಲಿ ಜಗಳ ಶುರುವಾಗಿತ್ತು. ಪರ ಊರಿಂದ ಬಂದ ಹಿರಿಯ ಅಂಪೈರು ಆಲ್ಡೋನನ್ನು ಕೇಳುತ್ತಿದ್ದ: "ಗೋಲಾ, ಕಂಬಾನಾ?"

"ನೋಡ್ಲಿಲ್ಲ."

"ನೋಡ್ಲಿಲ್ಲ ಅಂದ್ರೆ? ನಿನ್ನ ಕೆಲ್ಸಾನೇ ಅದಲ್ವೇನಯ್ಯ?"

"ನನ್ನ ಹೆಂಡ್ತಿ ಆಕಾಶದಿಂದ ಬೀಳ್ತಿದ್ಲು ಸ್ವಾಮೀ! ನಿಮ್ಮ ಹೆಂಡ್ತಿ ಬಿದ್ರೆ ನೀವು ಚೆಂಡು ನೋಡ್ತೀರಾ?"

ಟಾರಂಬಾದವರು ಕಂಬ ಎಂದು ಅರಚಿದರು, ಗ್ಯಾಪಿನವರು ಗೋಲು ಎಂದು ಅರಚಿದರು. ನಿಜವಾಗಿ ಯಾರೂ ನೋಡಿರಲಿಲ್ಲ. ಆಗ ಡಾರಿಯೋ, "ದೊಡ್ಡಮ್ಮನ್ನ ಕೇಳಿ! ಸರೀ ಮೇಲೇ ಇದ್ರು!" ಎಂದ. ಊರವರೆಲ್ಲ ಹೋ ಎಂದರು. ಸ್ವಂತ ದೊಡ್ಡಮ್ಮ, ಊರ ಹೆಣ್ಣುಮಗಳು. ಇನ್ನೇನು, ಗೆದ್ದ ಹಾಗೆ.

ಅಂಪೈರು ತಲೆ ಕೆರೆದುಕೊಂಡ. "ಆಕಾಶದಲ್ಲಿದ್ದವರನ್ನ ಕೇಳ್ಬೋದು ಅಂತ ಯಾವ ನಿಯಮದಲ್ಲೂ ಇಲ್ಲ. ಇರ್ಲಿ, ಹೇಳಮ್ಮ."

ನೆರಿಡಾ ಎದ್ದು ನಿಂತಳು. ಕೆಸರು ಮೆತ್ತಿದ ಹೆಲ್ಮೆಟ್ಟು ಕಣ್ಣಿನ ಮೇಲೆ ಜಾರಿತ್ತು, ಮೈ ಇನ್ನೂ ತೇಲುತ್ತಿತ್ತು. ಎದುರಿಗೆ ಕಡುಬಿನಂಥ ಬಿಸಿ ಪೈ ಮಾರುವ ಬ್ರಾನ್ವಿನ್ ಎರಡೂ ಕೈ ಜೋಡಿಸಿಕೊಂಡಿದ್ದಳು. ಇಷ್ಟು ಚೆನ್ನಾಗಿ, ಇಷ್ಟು ಸ್ಪಷ್ಟವಾಗಿ ಯಾವುದನ್ನೂ ನೋಡಿರಲಿಲ್ಲ ನೆರಿಡಾ ತನ್ನ ಜೀವಮಾನದಲ್ಲಿ. ಅದನ್ನು ಬೇರೆ ಥರ ಹೇಳಲು ಅವಳಿಗೆ ಮನಸ್ಸೇ ಬರಲಿಲ್ಲ.

"ಎಡಗಡೆ ಕಂಬಕ್ಕೆ ಸೋಕ್ತು," ಎಂದಳು.

ಟಾರಂಬಾದವರು ಕುಣಿದ ಕುಣಿತಕ್ಕೆ ಕಾಗೆಗಳೆದ್ದವು. ಡಾರಿಯೋ ಹುಲ್ಲಿನ ಮೇಲೆ ಅಂಗಾತ ಬಿದ್ದುಕೊಂಡ.

"ದೊಡ್ಡಮ್ಮಾ, ಆ ಹೊತ್ತಲ್ಲೇ ಕಣ್ಣು ಬಿಟ್ಕೊಂಡಿರ್ಬೇಕಿತ್ತಾ?"

"ಅಷ್ಟು ಮೇಲೆ ಹೋಗಿ ಕಣ್ಣು ಮುಚ್ಕೊಳ್ಳೋಕೆ ನಂಗೇನು ಹುಚ್ಚಾ? ಡಾರಿಯೋ, ನಿನ್ನ ಒದೆತ ಎಷ್ಟು ಚೆಂದ ಇತ್ತು ಗೊತ್ತೇನೋ, ಮೇಲಿಂದ ನೋಡ್ಬೇಕಿತ್ತು ನೀನು!"

ಅವನು ಮುಖ ಸಿಂಡರಿಸಿ, ತಡೆಯಲಾಗದೆ ನಕ್ಕುಬಿಟ್ಟ. ನಾಯಕನೇ ನಕ್ಕ ಮೇಲೆ ಉಳಿದವರು ಎಷ್ಟು ಹೊತ್ತು ಮುನಿಸಿಕೊಂಡಾರು? ಬ್ರಾನ್ವಿನ್ ಮಾತ್ರ, "ಟಾರಂಬಾದವರಿಗೆ ಇಲ್ಲಿ ಪೈ ಇಲ್ಲ," ಎಂದು ನೆರಿಡಾಗೆ ಬೆನ್ನು ತಿರುಗಿಸಿ, ಆಮೇಲೆ ದೊಡ್ಡದನ್ನೇ ಆರಿಸಿ ಕೊಟ್ಟು, "ನಂಗೂ ಒಂದ್ಸಲ ಹೋಗ್ಬೋದಾ?" ಎಂದು ಪಿಸುಗುಟ್ಟಿದಳು.

ಈಡಿತ್ ಜೋರಿಯ ಗಾಡಿಯ ಹಿಂಬದಿಯಲ್ಲಿ ನಿಂತುಕೊಂಡೇ ಬಂದಳು. ಅವಳ ಬಸ್ಸು ಬೀದಿಯ ತುದಿಯಲ್ಲಿ ಹಾರನ್ ಹೊಡೆಯುತ್ತಿತ್ತು. ಗಾಡಿಯಿಂದಿಳಿದು ನೆರಿಡಾಳನ್ನು ಬಿಗಿಯಾಗಿ ಅಪ್ಪಿಕೊಂಡು, "ನೋಡಿದ್ಯಾ ಹುಡುಗೀ? ನಮ್ಮನೇ ಕಡೆ ಬಾ, ಕಣಜ ಹತ್ತಿಸ್ತೀನಿ," ಎಂದಳು. ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ಕಿಟಕಿಯಿಂದ ಬಿಳೀ ಟೋಪಿ ಬೀಸುತ್ತಲೇ ಇತ್ತು.

ಆಲ್ಡೋ ಹತ್ತಿರ ಬಂದ. ಬಿಳೀ ಕೋಟಿನ ತೋಳಿನಿಂದ ಹೆಂಡತಿಯ ಕೆನ್ನೆಯ ಕೆಸರು ಒರೆಸಿದ.

"ನೀನು ಬಿದ್ದೇ ಬಿಟ್ಟೆ ಅಂದ್ಕೊಂಡೆ ಕಣೇ."

"ಬೀಳ್ಲಿಲ್ಲ, ಇಳಿದೆ. ಆಲ್ಡೋ, ನಮ್ಮ ಮನೆ ಮೇಲೇ ಹೋದ್ವಿ. ಒಂದು ಹದ್ದು ಬಂದು ನನ್ನ ಮುಖಾನೇ ನೋಡ್ತು. ಮೋಡದ ನೆರಳು ಗುಡ್ಡ ಹತ್ತಿ ಇಳಿಯೋದು ಕಾಣತ್ತೆ. ಬಿಸಿಗಾಳಿ ಬಂದು ಎತ್ತತ್ತಲ್ಲಾ, ಆಗ..." ಅವಳಿಗೆ ಹೇಳಿ ಮುಗಿಯುವಂತಿರಲಿಲ್ಲ. ಪೈ ಹಿಡಿದ ಕೈಯನ್ನೇ ಗುಡ್ಡ ಮಾಡಿ, ಇನ್ನೊಂದು ಕೈಯನ್ನು ಗಾಳಿ ಮಾಡಿ ತೋರಿಸುತ್ತಾ ಹೋದಳು. ಆಲ್ಡೋ ಕೇಳಿದ. ಕೇಳುತ್ತಾ ಕೇಳುತ್ತಾ ಗುಡ್ಡದ ನೆತ್ತಿಯನ್ನು ಒಮ್ಮೆ, ರೆಕ್ಕೆ ಮಡಚುತ್ತಿದ್ದ ಟ್ಯಾಮ್ಸಿನ್‌ಳನ್ನು ಒಮ್ಮೆ ನೋಡಿದ.

"ಏ ಟ್ಯಾಮ್ಸಿನ್," ಎಂದ, ಸುತ್ತ ಯಾರೂ ಕೇಳಿಸಿಕೊಳ್ಳುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು. "ನನ್ನಂಥ ದಪ್ಪನೋರನ್ನೂ ಹೊರತ್ತಾ ಅದು?"