ನಾರ್ಮಲ್ ಎಂದು ಸಹಿ ಮಾಡಿದವಳು

೧
ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಮಗುವಿನ ನಗುವಿನಿಂದ ಎನ್ನೋಣವೆಂದರೆ, ಐದು ತಿಂಗಳ ಆ ಹೆಣ್ಣುಮಗು ನಕ್ಕು ಆರು ವಾರವಾಯಿತು. ಬಟ್ಟೆಯಿಂದಲೇ ಶುರುವಾಗಲಿ: ದಿನಕ್ಕೆ ಒಂಬತ್ತು ಸಲ ಬದಲಿಸುವ, ಭೇದಿಯಲ್ಲಿ ರಕ್ತದ ಎಳೆ ಕಾಣುವ ಬಟ್ಟೆ. (ಮೂಗು ಮುಚ್ಚಿಕೊಳ್ಳಬೇಡಿ ಓದುಗರೇ. ಒಗೆಯುವವಳು ಮುಚ್ಚಿಕೊಂಡಿಲ್ಲ.)

೨
ಒಗೆಯುವವಳು ತಾಯಿ, ಆಸ್ಪತ್ರೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ಮಗು ಕುಡಿಯುವ ಡಬ್ಬಿ ಹಾಲಿನ ಮೇಲೆ ಅವಳಿಗೆ ಗುಮಾನಿ. ಹಸುವಿನ ಹಾಲಿನ ಪ್ರೋಟೀನಿಗೆ ಮೈ ತಿರುಗಿಬಿದ್ದಿದೆಯೇ ಎಂದು ನೋಡುವ ರಕ್ತಪರೀಕ್ಷೆಯನ್ನು ಮಗಳಿಗೆ ತಾನೇ ಮಾಡಿದಳು. ಅಂಕಿ ಕಡಿಮೆ ಬಂತು, ಅಂದರೆ ಹಾಲಿನಿಂದ ತೊಂದರೆಯಿಲ್ಲವೆಂದು ಲೆಕ್ಕ. ದಿನಾ ನೂರು ರಿಪೋರ್ಟಿಗೆ ಒತ್ತುವ ಕೈ, ಇದಕ್ಕೂ ತಾನಾಗಿ 'ನಾರ್ಮಲ್' ಮುದ್ರೆ ಒತ್ತಿ ಸಹಿ ಹಾಕಿಬಿಟ್ಟಿತು. ನಮ್ಮ ಬೆರಳು ನಮ್ಮ ಕಣ್ಣನ್ನೇ ತಿವಿಯುವುದೆಂದರೆ ಇದು.

೩
ಡಾಕ್ಟರು ರಿಪೋರ್ಟನ್ನು ಅವಳ ಮುಖಕ್ಕೇ ಹಿಡಿದರು. "ನೀವೇ ಸೈನ್ ಮಾಡಿದೀರಲ್ಲಮ್ಮ. ಹಾಲಿಂದೇನೂ ತೊಂದ್ರೆ ಇಲ್ಲ."

"ಕರುಳಲ್ಲಿ ನಡೆಯೋ ಜಗಳ ರಕ್ತದಲ್ಲಿ ಕಾಣದೇ ಇರಬಹುದು ಸಾರ್. ನಿಮ್ಮ ಪುಸ್ತಕದಲ್ಲೇ ಇದೆ."

"ಇರಬಹುದು, ಇಲ್ಲದೇನೂ ಇರಬಹುದು," ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟರು.

ಮನೆಗೆ ಬಂದರೆ ಅತ್ತೆ: "ಹಾಲು ಕುಡಿದು ಯಾರಾದ್ರೂ ಕೆಟ್ಟಿದಾರೇನೇ? ಓದಿದ್ದು ಜಾಸ್ತಿಯಾಯ್ತು ನಿಂಗೆ."

(ಅತ್ತೆಯನ್ನು ರಾಕ್ಷಸಿ ಮಾಡಿದ್ದ ಡ್ರಾಫ್ಟು ಹರಿದುಹಾಕಿದೆ. ಆಕೆಯೂ ಮಗುವನ್ನು ಅವಚಿಕೊಂಡು ಅಳುತ್ತಾಳೆ. ಆದರೂ ನನಗೆ ಮೈಯೆಲ್ಲ ಉರಿಯುತ್ತದೆ.)

೪
ತಾಯಿ ಡಬ್ಬಿಯನ್ನು ಕಸಕ್ಕೆಸೆದು, ಪ್ರೋಟೀನನ್ನು ಒಡೆದು ಮಾಡಿದ ಬೇರೆ ಪುಡಿ ತಂದಳು. ಹನ್ನೆರಡನೇ ದಿನಕ್ಕೆ ಭೇದಿ ನಿಂತಿತು, ತೂಕ ಮುನ್ನೂರು ಗ್ರಾಂ ಏರಿತು.

"ತಾನಾಗೇ ನಿಂತಿರಬಹುದು," ಎಂದರು ಡಾಕ್ಟರು. "ಹಾಲೇ ಕಾರಣ ಅಂತ ಗೊತ್ತಾಗಬೇಕಾದ್ರೆ ಮತ್ತೆ ಹಾಲು ಕೊಟ್ಟು ನೋಡ್ಬೇಕು."

ಅನ್ಯಾಯವೆಂದರೆ, ಈ ಸಲ ಅವರು ಹೇಳಿದ್ದು ನಿಜ.

೫
ಮುಕ್ತಾಯ ಒಂದು: ಹಾಲು ಕೊಡುತ್ತಾರೆ, ಮತ್ತೆ ರಕ್ತ, ತಾಯಿ ಗೆಲ್ಲುತ್ತಾಳೆ. ಮುಕ್ತಾಯ ಎರಡು: ಹಾಲು ಕೊಡುತ್ತಾರೆ, ಏನೂ ಆಗುವುದಿಲ್ಲ, ಡಾಕ್ಟರು ಮೀಸೆ ತಿರುವುತ್ತಾರೆ. ಎರಡಕ್ಕೂ ಒಂದು ಬಾಟಲಿ ಹಾಲು ಬೇಕು. ತುಂಬಿಸಮ್ಮ ಎಂದು ನಾನೇ ತಾಯಿಗೆ ಹೇಳಿದೆ.

"ಆರು ವಾರ ನನ್ನ ಮಾತಿಗೆ ಮೂರು ಕಾಸಿನ ಬೆಲೆ ಇರ್ಲಿಲ್ಲ. ಈಗ ಎಲ್ರಿಗೂ ಪುರಾವೆ ಬೇಕಾ? ನಿಮ್ಮ ಕಥೆ ಮುಗೀಲಿ ಅಂತ ನನ್ನ ಮಗಳಿಗೆ ಮತ್ತೆ ರಕ್ತ ಹೋಗ್ಬೇಕಾ?"

"ಓದುಗರು ಕೇಳ್ತಾರಲ್ಲಮ್ಮ."

"ಅವರ ಮಕ್ಕಳ ಮೇಲೆ ಮಾಡಿ ನೋಡ್ಕೊಳ್ಳಲಿ!"

ಬಾಗಿಲು ಹಾಕಿಕೊಂಡಳು. ಹಾಲೇ ಕಾರಣವೋ ಅಲ್ಲವೋ, ನನಗೆ ಗೊತ್ತಿಲ್ಲ. ಗೊತ್ತಾಗಬೇಕಾದರೆ ಆ ಬಾಗಿಲು ತಟ್ಟಬೇಕು. ನಾನು ತಟ್ಟುವುದಿಲ್ಲ. ನೀವೂ ತಟ್ಟಬೇಡಿ, ಮಗು ಮಲಗಿದೆ.