ಪೂರ್ಣಿಮಾ ಕೇಳಿದ ಅರ್ಧ ತಾಸು

ಥೈರಾಯ್ಡ್ ಶಸ್ತ್ರಚಿಕಿತ್ಸೆ ಮುಗಿದು ಎಚ್ಚರವಾದಾಗ ಪೂರ್ಣಿಮಾ ನೀರು ಕೇಳಿದಳು. ಪಕ್ಕದಲ್ಲೇ ಕುಳಿತಿದ್ದ ಗಂಡ ಶಶಿಧರನಿಗೆ ಕೇಳಿಸಲಿಲ್ಲ. ಬಾಯಿಂದ ಬಂದದ್ದು ಬರೀ ಗಾಳಿ.

ಗಂಟಲಿನ ಒಂದು ನರಕ್ಕೆ ಪೆಟ್ಟಾಗಿದೆ, ಒಮ್ಮೊಮ್ಮೆ ಹೀಗಾಗುತ್ತದೆ, ಧ್ವನಿ ಮರಳಬಹುದು, ಮರಳದೆಯೂ ಇರಬಹುದು ಎಂದರು ಡಾಕ್ಟರು. ಬೆಳಗಾವಿಯ ಹಿಂದವಾಡಿಯಲ್ಲಿದ್ದ ಅವಳ ಮನೆಯ ಮುಂದೆ ಸಂಜೆ ಹಾದುಹೋಗುವವರು ಅವಳ ಹಾಡು ಕೇಳಿ ಗೇಟಿನ ಬಳಿ ನಿಲ್ಲುತ್ತಿದ್ದರು. ಈಗ ಅಲ್ಲಿ ಟಿವಿಯ ಸದ್ದಷ್ಟೇ ಕೇಳುತ್ತಿತ್ತು.

ವರ್ಷ ಕಳೆದ ಮೇಲೆ ಮಾತು ಬಂತು, ಒರಟಾಗಿ. ಅಷ್ಟಕ್ಕೇ ಧೈರ್ಯ ಮಾಡಿ ಊರಿನ ಒಂದು ಸಭೆಯಲ್ಲಿ ಯಮನ್ ರಾಗ ಹಾಡಲು ಕುಳಿತಳು. ಹಳೆಯ ಶ್ರುತಿಯಲ್ಲೇ ಹಾಡಿದಳು. ಮೇಲಿನ ಷಡ್ಜಕ್ಕೆ ಹೋದದ್ದೇ ಧ್ವನಿ ಹರಿದುಹೋಯಿತು. ಮತ್ತೆ ಪ್ರಯತ್ನಿಸಿದಳು, ಮತ್ತೆ ಹರಿಯಿತು. ಅರ್ಧಕ್ಕೇ ಎದ್ದಳು. ಜನ ಚಪ್ಪಾಳೆ ತಟ್ಟಿದರು. ಆ ಕನಿಕರ ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು.

ಮರುವಾರ ಖಾನಾಪುರಕ್ಕೆ, ತನಗೆ ಹಾಡು ಕಲಿಸಿದ ಗಂಗಾದೇವಿಯವರ ಮನೆಗೆ ಹೋದಳು. ಶಿಷ್ಯರೆಲ್ಲ ಆ ಹಿರಿಯರನ್ನು ಬಾಯಾರು ಎಂದೇ ಕರೆಯುತ್ತಿದ್ದರು.

"ಸಾಕು ಮಾಡವಾ ಪೂರ್ಣಿಮಾ," ಎಂದರು ಬಾಯಾರು. "ದೇವರು ಕೊಟ್ಟಿದ್ದ, ತಗೊಂಡ. ಹುಡುಗ್ಯಾರಿಗೆ ಕಲಸು. ಹಾಡೂದು ಬ್ಯಾಡ."

"ಕಲಸ್ತೀನ್ರಿ ಬಾಯಾರ. ಆದ್ರ ಹಾಡೂದೂ ಬಿಡಂಗಿಲ್ಲ."

"ಹಠ ಮಾಡಿದ್ರ ಸ್ವರ ಬರ್ತದೇನು?"

"ಹಠ ಬಿಟ್ರ ಅಂತೂ ಖರೇನ ಬರಂಗಿಲ್ರಿ."

ಬಾಯಾರು ಮುಖ ತಿರುಗಿಸಿದರು. ಪೂರ್ಣಿಮಾ ಅವರ ಕಾಲು ಮುಟ್ಟಿ ನಮಸ್ಕರಿಸಿ ಎದ್ದು ಬಂದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತಳು. ಮನೆಗೆ ಬಂದು ತಂಬೂರಿ ತೆಗೆದುಕೊಂಡು ತಂತಿಗಳನ್ನು ಸಡಿಲಿಸುತ್ತ ಹೋದಳು. ಹಳೆಯ ಶ್ರುತಿ ದಾಟಿ, ಹೆಂಗಸರು ಸಾಮಾನ್ಯವಾಗಿ ಹಾಡುವ ಶ್ರುತಿಗಳನ್ನೆಲ್ಲ ದಾಟಿ ಕೆಳಗಿಳಿದಾಗ ಒಂದು ಕಡೆ ಅವಳ ಒರಟು ಧ್ವನಿ ನಡುಗದೆ ನಿಂತಿತು. ಅಲ್ಲಿಂದಲೇ ಸಾಧನೆ ಶುರುವಾಯಿತು.

ತಬಲಾ ಸಾಥಿಗೆ ಬರುತ್ತಿದ್ದ ಸುಜಯ ತಲೆ ಕೆರೆದುಕೊಂಡ. "ಅಕ್ಕಾರ, ಇದು ಗಂಡಸರ ಶ್ರುತಿ. ನನ್ನ ತಬಲಾ ಇಷ್ಟು ಕೆಳಗ ಇಳಿಯಂಗಿಲ್ರಿ."

"ಇಳಿಯೂವಂಥಾ ತಬಲಾ ತಗೊಂಡು ಬಾರಪಾ."

ಅವನು ದೊಡ್ಡ ಬಾಯಿಯ ತಬಲಾ ಹುಡುಕಿ ತಂದ. ಎರಡು ಮಳೆಗಾಲ ಹೀಗೇ ಕಳೆದವು. ಕೆಲವು ವಾರ ಧ್ವನಿಯೇ ಏಳುತ್ತಿರಲಿಲ್ಲ. ಬಾಯಿ ಮುಚ್ಚಿ ಮನಸ್ಸಿನಲ್ಲೇ ರಾಗ ಹಾಡಿಕೊಳ್ಳುತ್ತಿದ್ದಳು. ಶಶಿಧರ ಮಾತ್ರ ಬೇಡ ಎನ್ನಲಿಲ್ಲ. ಆದರೆ ಅವಳು ಎಲ್ಲಾದರೂ ಸಭೆಯಲ್ಲಿ ಹಾಡುತ್ತೇನೆ ಎಂದರೆ ಅವನಿಗೇ ಹೆದರಿಕೆ.

ಆಗ ಖಾನಾಪುರದ ಸಂಗೀತ ಮಂಡಳಿಯಿಂದ ಕಾರ್ಯದರ್ಶಿ ನಾಗರತ್ನಾ ಫೋನ್ ಮಾಡಿದರು. "ನಿಮಗ ಸನ್ಮಾನ ಇಟಗೊಂಡೇವ್ರಿ. ಶಾಲು, ಹಾರ. ತಪ್ಪದ ಬರ್ರಿ."

"ಹಾಡೂದೈತೇನ್ರಿ?"

ನಾಗರತ್ನಾ ದನಿ ತಗ್ಗಿಸಿದರು. "ನಿಮಗ್ಯಾಕ ತ್ರಾಸು ಅಂತ..."

ಪೂರ್ಣಿಮಾ ಬರುತ್ತೇನೆಂದಳು. ಸುಜಯನಿಗೂ ತಬಲಾ ಸಮೇತ ಹೊರಡಲು ಹೇಳಿದಳು.

ಸನ್ಮಾನದ ಸಂಜೆ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಬಾಯಾರು, ಅವರ ಹಿಂದೆ ಶಶಿಧರ ಕುಳಿತಿದ್ದರು. ನಿರೂಪಕರು ಅವಳನ್ನು "ಒಂದು ಕಾಲದ ಖ್ಯಾತ ಗಾಯಕಿ" ಎಂದು ಕರೆದರು. ಅವಳಿಗಿನ್ನೂ ನಲವತ್ತಮೂರು. ನಾಗರತ್ನಾ ಶಾಲು ಬಿಡಿಸಿ ಹೊದಿಸಲು ಬಂದಾಗ ಪೂರ್ಣಿಮಾ ಅವರ ಕೈ ಹಿಡಿದು ತಡೆದಳು. ಮೈಕಿನ ಮುಂದೆ ಬಂದಳು.

"ಶಾಲು ಬ್ಯಾಡ್ರಿ. ಶಾಲು ಹೊದಿಸಿ ಮನೀಗೆ ಕಳಸೂ ವಯಸ್ಸಲ್ಲ ನಂದು. ಅರ್ಧ ತಾಸು ಹಾಡಾಕ ಕೊಡ್ರಿ. ಕೇಳೂ ಮನಸ್ಸಿದ್ದವ್ರು ಕುಂದರ್ರಿ, ಇಲ್ಲದವ್ರು ಹೋಗ್ರಿ. ಸಿಟ್ಟಿಲ್ಲ."

ಸಭೆಯಲ್ಲಿ ಗುಸುಗುಸು ಎದ್ದಿತು. ಕಾರ್ಯಕ್ರಮಕ್ಕೆ ತಡವಾಗುತ್ತದೆ ಎಂದು ಯಾರೋ ಗೊಣಗಿದರು. ಹಿಂದಿನಿಂದ ಒಬ್ಬ ಮುದುಕ ಮರಾಠಿಯಲ್ಲಿ ಕೂಗಿದ, "ಗಾವೂ ದ್ಯಾ!" ಹಾಡಲಿ ಬಿಡಿ ಎಂದು ಕನ್ನಡದಲ್ಲೂ ಕೆಲವರು ದನಿಗೂಡಿಸಿದರು. ನಾಗರತ್ನಾ ಶಾಲು ಮಡಚಿ ಪಕ್ಕಕ್ಕೆ ಸರಿದರು.

ಸುಜಯ ತಬಲಾದೊಂದಿಗೆ ವೇದಿಕೆ ಹತ್ತಿ ಕುಳಿತ, ಅವಳು ತಂಬೂರಿ ಹಿಡಿದು ಪೂರಿಯಾ ಎತ್ತಿಕೊಂಡಳು. ಕೆಳಗಿನ ಸ್ವರಗಳಲ್ಲೇ ಹೆಚ್ಚು ಓಡಾಡುವ ಸಂಜೆಯ ರಾಗ. ಮೊದಲ ಸ್ವರಕ್ಕೇ ಕೆಲವರು ಬೆಚ್ಚಿ ತಲೆ ಎತ್ತಿದರು. ಹೆಂಗಸಿನ ಗಂಟಲಿನಿಂದ ಅಂಥ ದಪ್ಪ, ಒಡಕು ಧ್ವನಿ ಅವರು ಕೇಳಿರಲಿಲ್ಲ. ಎರಡು ಸಾಲಿನ ಜನ ಎದ್ದು ಹೋದರು. ಅವಳು ನೋಡಿದಳು, ಹಾಡಿದಳು. ನಡುವೆ ಧ್ವನಿ ಹರಿದುಹೋಯಿತು. ಶಶಿಧರ ಕಣ್ಣು ಮುಚ್ಚಿಕೊಂಡ. ಪೂರ್ಣಿಮಾ ನಿಲ್ಲಿಸಿ, ನೀರು ಕುಡಿದು, ಹರಿದ ಜಾಗದಿಂದಲೇ ಮತ್ತೆ ಎತ್ತಿಕೊಂಡಳು. ಈ ಸಲ ಸ್ವರ ನಿಂತಿತು. ಅಲ್ಲಿಂದ ಮುಂದೆ ಅವಳಿಗೆ ಸಭೆಯ ನೆನಪೇ ಉಳಿಯಲಿಲ್ಲ.

ಮುಗಿದಾಗ ಚಪ್ಪಾಳೆ ತಡವಾಗಿ ಬಂತು. ಆದರೆ ಅದರಲ್ಲಿ ಕನಿಕರವಿರಲಿಲ್ಲ.

ಬಾಯಾರು ಕೋಲೂರಿ ವೇದಿಕೆಯ ಹತ್ತಿರ ಬಂದರು. "ಎರಡ ಕಡೆ ಸ್ವರ ತಪ್ಪಿ ಬೇಸೂರಾತು."

"ಹೌದ್ರಿ. ನನಗೂ ಗೊತ್ತಾತು."

"ಗೊತ್ತಾಗಿದ್ರ ಸರಿಪಡಿಸ್ಕೋ. ನಾಳೆ ಮುಂಜಾನೆ ಮನೀಗೆ ಬಾ," ಎಂದರು ಬಾಯಾರು. "ತಂಬೂರಿ ನಿನ್ನ ಇದ ಶ್ರುತಿಗೆ ಹಚ್ಚಿ ಇಡ್ತೀನಿ."