ಹುಲ್ಲಿನಲ್ಲಿ ಬಿದ್ದ ಹಿತ್ತಾಳೆ

ಸ್ವಿಟ್ಜರ್ಲೆಂಡಿನ ನಮ್ಮ ಗ್ಲಾರುಸ್ ಕಣಿವೆಯ ಜನ ಒಳ್ಳೆಯವರು. ಆದರೆ ಹಿತ್ತಾಳೆಯ ಮಾತು ಬಂದಾಗ ಅವರ ಒಳ್ಳೆಯತನವನ್ನು ಅಷ್ಟಾಗಿ ನಂಬಬೇಡಿ. ಹಳೆಯ ವೆಟ್ಟರ್ಲಿ ಕೋವಿ ಹಿಡಿದವನು ಹೆಂಡತಿಯ ಹುಟ್ಟುಹಬ್ಬ ಮರೆತಾನು, ಹೊಡೆದು ಹಾರಿದ ತನ್ನ ಖಾಲಿ ಹಿತ್ತಾಳೆ ತೋಟಾ ಎಲ್ಲಿ ಬಿತ್ತೆಂಬುದನ್ನು ಮರೆಯುವುದಿಲ್ಲ. ಮುತ್ತಾತನ ಕಾಲದ ಕೋವಿ ಅದು. ನಳಿಗೆಯ ಕೆಳಗೆ ಸಾಲಾಗಿ ತೋಟಾ ತುಂಬಿಕೊಂಡು ಒಂದರ ಹಿಂದೊಂದು ಹೊಡೆಯುತ್ತದೆ. ಕೋವಿ ಇನ್ನೂ ಗಟ್ಟಿಮುಟ್ಟಾಗಿದೆ, ಅದಕ್ಕೆ ತೋಟಾ ಮಾಡುವ ಕಾರ್ಖಾನೆ ಮಾತ್ರ ಒಂದೂ ಉಳಿದಿಲ್ಲ. ಅಮೆರಿಕದ ಯಾವುದೋ ದೊಡ್ಡ ಬೇಟೆಕೋವಿಯ ಹಿತ್ತಾಳೆ ಕೊಳವೆ ತರಿಸಿ, ಕತ್ತರಿಸಿ, ಕಾಯಿಸಿ ಮೆದುಮಾಡಿ, ಅಚ್ಚಿಗೆ ಒತ್ತಿ ನಾವೇ ಮಾಡಿಕೊಳ್ಳಬೇಕು. ಹಾಗೆ ಮಾಡಿದ ಕೊಳವೆಗೆ ಮತ್ತೆ ಮತ್ತೆ ಮದ್ದು ತುಂಬಿ ವರ್ಷಗಟ್ಟಲೆ ಹೊಡೆಯಬಹುದು. ಅದಕ್ಕೇ ಹೊಡೆದಾದ ಮೇಲೆ ಎಲ್ಲರೂ ಹುಲ್ಲಿನಲ್ಲಿ ಬಗ್ಗಿ ತಂತಮ್ಮ ಹಿತ್ತಾಳೆ ಹೆಕ್ಕಿಕೊಳ್ಳುತ್ತಾರೆ. ಇನ್ನೊಬ್ಬರದನ್ನು ಮುಟ್ಟುವಂತಿಲ್ಲ.

ರೆಗುಲಾ ಮುಟ್ಟಿದಳು.

ರೆಗುಲಾ ನಮ್ಮೂರಿನ ಬೇಕರಿಯವಳು. ಬಾಯಿ ಜೋರು, ಕೈ ಧಾರಾಳ. ಮಕ್ಕಳಿಗೆ ಒಣಪೇರಳೆಯ ರೊಟ್ಟಿಯ ಚೂರು ಪುಕ್ಕಟೆ ಕೊಡುವವಳು. ವಸಂತದಲ್ಲಿ ಅವಳಪ್ಪ ತೀರಿಕೊಂಡ. ಆ ವರ್ಷ ಹೋದವರ ಕೋವಿಯನ್ನು ಶರತ್ಕಾಲದ ಕೂಟದಲ್ಲಿ ಅವರ ಮನೆಯವರೇ ಒಮ್ಮೆ ಹೊಡೆಯಬೇಕೆಂಬುದು ನಮ್ಮೂರ ಕೋವಿ ಸಂಘದ ರೂಢಿ. ಕೋವಿ ಮೌನವಾಗಿ ಉಳಿದರೆ ಸತ್ತವನಿಗೆ ಬೀಳ್ಕೊಡುಗೆಯೇ ಆಗಲಿಲ್ಲ ಎನ್ನುತ್ತಾರೆ. ಅಪ್ಪನ ಪೆಟ್ಟಿಗೆ ತೆರೆದು ನೋಡಿದರೆ ಅಲ್ಲಿದ್ದ ಹಿತ್ತಾಳೆಯೆಲ್ಲ ಕುತ್ತಿಗೆಯಲ್ಲಿ ಸೀಳುಬಿಟ್ಟಿತ್ತು. ವ್ಯಾಪಾರಿಗಳಿಗೆಲ್ಲ ಫೋನು ಮಾಡಿದಳು. ದಾಸ್ತಾನಿಲ್ಲ ಎಂದರು. ಹೇಗೋ ಸಿಕ್ಕಿದ ನಾಲ್ಕಾರನ್ನು ಸರಿಯಾಗಿ ಕಾಯಿಸದೆ, ಅಪ್ಪನ ಸವೆದುಹೋದ ಅಚ್ಚಿಗೆ ಅವಸರದಲ್ಲಿ ಒತ್ತಿ ಒಡೆದುಕೊಂಡಳು.

ಒಳ್ಳೆಯ ಹಿತ್ತಾಳೆ ಇದ್ದದ್ದು ಕಾಸ್ಪರನ ಹತ್ತಿರ. ಅವಳಪ್ಪನ ಗೆಳೆಯ, ಎಂಬತ್ತರ ಹತ್ತಿರದವನು, ನೇಯ್ಗೆ ಕಾರ್ಖಾನೆಯ ಯಂತ್ರಗಳನ್ನು ರಿಪೇರಿ ಮಾಡಿ ನಿವೃತ್ತನಾದವನು. ಅವಳು ಕೇಳದೆ ಇರಲಿಲ್ಲ.

"ಕೊಡೋದು ದೊಡ್ಡದಲ್ಲ ಕಣೇ," ಅಂದಿದ್ದ ಅವನು. "ಆದ್ರೆ ಇವು ನನ್ನ ಕೋವೀಲಿ ಉಬ್ಬಿ ಅದರ ಅಳತೆಗೇ ಕೂತಿರೋವು. ನಿಮ್ಮಪ್ಪನ ಕೋವಿಗೆ ಬೇರೇನೇ ಮಾಡ್ಬೇಕು. ಹೊಸ ಮಾಲು ಬರಲಿ, ಮಾಡ್ಕೊಡ್ತೀನಿ."

ಬಂದಾಗ ಬರಲಿ ಎನ್ನುವ ತಾಳ್ಮೆ ರೆಗುಲಾಳಿಗಿಲ್ಲ. ಮುದುಕ ಜಿಪುಣತನಕ್ಕೆ ನೆಪ ಹೇಳುತ್ತಿದ್ದಾನೆ ಅಂದುಕೊಂಡಳು.

ಒಂದು ಶನಿವಾರ ಗುರಿಮೈದಾನದ ಅಭ್ಯಾಸದಲ್ಲಿ ಅವನ ಕೋವಿಯಿಂದ ಹಾರಿದ ಕೊಳವೆ, ಪಕ್ಕದಲ್ಲೇ ಸಂಘದ ಕೋವಿ ಹಿಡಿದು ಮಲಗಿದ್ದ ಅವಳ ಚಾಪೆಯ ಅಂಚಿಗೆ ಬಂದು ಬಿತ್ತು. ಎತ್ತಿಕೊಂಡಳು. ಕೊಡಬೇಕೆಂದೇ ಎತ್ತಿಕೊಂಡಳು, ಅದು ಸುಳ್ಳಲ್ಲ. ಬಿಸಿ ಹಿತ್ತಾಳೆ ಅಂಗೈಗೆ ಸೋಕಿದ ಮೇಲೆ ಕೈ ತಾನಾಗಿ ಜೇಬಿಗೆ ಹೋಯಿತು.

"ರೆಗುಲಾ, ನಂದೊಂದು ಇಲ್ಲೇ ಎಲ್ಲೋ ಹಾರ್ತು. ನೋಡಿದ್ಯಾ?"

"ಇಲ್ವಲ್ಲ ಮಾಮ. ತಡೀರಿ, ನಾನೂ ಹುಡುಕ್ತೀನಿ."

ಅಷ್ಟು ಹೇಳಿ ಅವನ ಪಕ್ಕದಲ್ಲೇ ಮೊಣಕಾಲೂರಿ ಹುಲ್ಲು ಸರಿಸತೊಡಗಿದಳು. ಸಂಘದ ಫ್ರಿಡ್ಲಿ ನಗೆಯಾಡಿದ: "ಏನ್ ಕಾಸ್ಪರಣ್ಣ, ಮೇಯೋಕೆ ಶುರು ಮಾಡಿದ್ಯಾ? ನಮ್ಮ ಹಸುಗೂ ಒಂಚೂರು ಬಿಡಪ್ಪ!" ಎಲ್ಲರೂ ನಕ್ಕರು. ಕಾಸ್ಪರನೂ ನಕ್ಕ. ರೆಗುಲಾ ತಲೆ ಬಗ್ಗಿಸಿ ಹುಲ್ಲು ಸರಿಸುತ್ತಲೇ ಇದ್ದಳು, ಜೇಬಿಗೆ ಕೈಹಾಕಲಿಲ್ಲ. ಮುಂದಿನ ಶನಿವಾರ ಇನ್ನೊಂದು, ಅದರ ಮುಂದೆ ಮತ್ತೆರಡು. ಪ್ರತಿಸಲವೂ ಅವನೊಂದಿಗೆ ಕೂತು ಹುಡುಕಿದಳು. ಹುಡುಕದಿದ್ದರೆ ಅನುಮಾನ ಬರುತ್ತದಲ್ಲ!

ಮನೆಯಲ್ಲಿ ಅಪ್ಪನ ಕೋವಿಗೆ ಅವನ್ನು ಹಾಕಿ ನೋಡಿದಳು. ತೋಟಾ ಒಳಗೆ ತಳ್ಳುವ ಬೋಲ್ಟು ಮುಚ್ಚಲಿಲ್ಲ. ಒಂದೂ ಕೂರಲಿಲ್ಲ. ಮುದುಕ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಕದ್ದ ಪಾಪವೂ ತಲೆಗಂಟಿತು, ಕೆಲಸವೂ ಆಗಲಿಲ್ಲ. ನದಿಗೆ ಎಸೆದುಬಿಡೋಣವೆಂದು ಸೇತುವೆಯವರೆಗೆ ಹೋಗಿ ನಿಂತಳು. ಕೈ ಬರಲಿಲ್ಲ, ನಮ್ಮವರಿಗೆ ಯಾರಿಗೂ ಬರುವುದಿಲ್ಲ. ಹಿಂದಕ್ಕೆ ಕೊಡೋಣವೆಂದರೆ ಏನಂತ ಹೇಳಿ ಕೊಡುವುದು? ಹಿಟ್ಟು ನಾದುವಾಗಲೆಲ್ಲ ಹುಲ್ಲಿನಲ್ಲಿ ತಡಕಾಡುವ ಆ ಮುದಿ ಬೆರಳುಗಳೇ ಕಣ್ಣಮುಂದೆ ಬರುತ್ತಿದ್ದವು. ಗಿರಾಕಿಗಳ ಮೇಲೆ ಸುಮ್ಮಸುಮ್ಮನೆ ರೇಗತೊಡಗಿದಳು.

ಕೂಟ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಕಾಸ್ಪರ್ ಬೇಕರಿಗೆ ಬಂದ. ಕಾರಿಲ್ಲದೆ, ಏರುದಾರಿಯನ್ನು ನಡೆದುಕೊಂಡೇ ಬಂದಿದ್ದ. ಏದುಸಿರು ಬಿಡುತ್ತ ಮೇಜಿನ ಮೇಲೆ ಒಂದು ಬಟ್ಟೆಯ ಗಂಟನ್ನೂ ಉಕ್ಕಿನ ಅಚ್ಚನ್ನೂ ಇಟ್ಟ. ಗಂಟಿನಲ್ಲಿ ಅವನಲ್ಲಿ ಉಳಿದಿದ್ದ ಹಿತ್ತಾಳೆಯೆಲ್ಲ ಇತ್ತು.

"ತಗೋ. ಅಚ್ಚಲ್ಲಿ ಇನ್ನೊಂದ್ಸಲ ಒತ್ತಿದ್ರೆ ನಿಮ್ಮಪ್ಪನ ಕೋವಿಗೆ ಕೂರುತ್ತೆ. ಆಮೇಲೆ ನನ್ನ ಕೋವಿಗೆ ಆಗಲ್ಲ, ಅದಕ್ಕೇ ಆಗ ಕೊಡ್ಲಿಲ್ಲ. ನಂಗಿನ್ನು ಬೇಡ."

"ಯಾಕೆ ಮಾಮ?"

"ನನ್ನ ಕಣ್ಣು ಹೋಯ್ತು ಕಣೇ. ಹಿತ್ತಾಳೆ ಬಿಸಿಲಲ್ಲಿ ಹೊಳೆಯುತ್ತೆ, ಕೂಸಿಗೂ ಕಾಣುತ್ತೆ. ನಿನ್ನಂಥ ಚುರುಕುಗಣ್ಣಿನವಳು ಜೊತೇಲಿದ್ರೂ ಸಿಗ್ಲಿಲ್ಲ ಅಂದ್ರೆ, ಎಲ್ಲಿ ಬಿತ್ತು ಅನ್ನೋದೇ ನಂಗೆ ತಪ್ಪಿ ಕಾಣ್ತಿದೆ ಅಂತಾಯ್ತಲ್ಲ. ಕಾರಿನ ಕೀಲಿಯನ್ನೂ ಮಗನಿಗೆ ಕೊಟ್ಬಿಟ್ಟೆ. ಯಾರದ್ದಾದ್ರೂ ಮಗೂನ ಗುದ್ದೋಕೆ ಮುಂಚೆ ಬಿಡೋದು ಮೇಲು."

ರೆಗುಲಾ ಗಂಟನ್ನೂ ಅಚ್ಚನ್ನೂ ನೋಡಿದಳು. ಸುಮ್ಮನಿದ್ದರೆ ಅಚ್ಚು ಸಿಗುತ್ತದೆ, ಹಿತ್ತಾಳೆ ಸಿಗುತ್ತದೆ, ಅಪ್ಪನ ಕೋವಿ ಮಾತಾಡುತ್ತದೆ. ಈ ಮುದುಕ ಮಾತ್ರ ಚೆನ್ನಾಗಿರುವ ಕಣ್ಣನ್ನೇ ಕುರುಡೆಂದುಕೊಂಡು ಕಿಟಕಿಯ ಬಳಿ ಕೂತು ಕಾಲ ಕಳೆಯುತ್ತಾನೆ. ಒಳಗೆ ಹೋಗಿ, ಜಾಡಿಯಲ್ಲಿ ಬಚ್ಚಿಟ್ಟಿದ್ದ ಕೊಳವೆಗಳನ್ನು ತಂದು ಅವನೆದುರು ಸುರಿದಳು.

"ನಿಮ್ಮ ಕಣ್ಣಿಗೇನೂ ಆಗಿಲ್ಲ ಮಾಮ. ನಾನೇ ಕದ್ದೆ."

ಕಾಸ್ಪರ್ ಒಂದನ್ನೆತ್ತಿ ಬುಡ ನೋಡಿದ. ತನ್ನ ಕೈಗೆಲಸದ ಗುರುತು ಅವನಿಗೆ ತಿಳಿಯದೆ ಇದ್ದೀತೆ? ಬೈಯುತ್ತಾನೆಂದು ಅವಳು ಕಾದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಕದ್ದಿದ್ದು ಹೋಗ್ಲಿ," ಅಂದ ಕೊನೆಗೆ. "ಆಸೆ ಯಾರಿಗಿಲ್ಲ? ಆದ್ರೆ ನನ್ನ ಪಕ್ಕದಲ್ಲೇ ಕೂತು ಹುಡುಕಿದ್ಯಲ್ಲೇ, ಜೇಬಲ್ಲಿಟ್ಕೊಂಡು."

ಅವನು ಎಲ್ಲವನ್ನೂ ಗಂಟು ಕಟ್ಟಿಕೊಂಡು, ಅಚ್ಚನ್ನೂ ಎತ್ತಿಕೊಂಡು ಇಳಿದು ಹೋದ.

ಕೂಟದ ದಿನ ರೆಗುಲಾ ಅಪ್ಪನ ಕೋವಿಯನ್ನು ಬರಿದೇ ಹೊತ್ತು ತಂದಳು. ಸಂಘದವರೆಲ್ಲರೆದುರು ತೋಟಾ ಇಲ್ಲವೆಂದು ಹೇಳಬೇಕಾದ ಹೊತ್ತಿಗೆ ಕಾಸ್ಪರ್ ಎದ್ದುಬಂದ. ಕಾರು ಅವನೇ ಓಡಿಸಿಕೊಂಡು ಬಂದಿದ್ದ. ಮದ್ದು ಗುಂಡು ತುಂಬಿದ ಹೊಳೆಯುವ ನಾಲ್ಕು ತೋಟಾಗಳನ್ನು ಅವಳ ಮುಂದಿಟ್ಟ. ಅವಳು ಕದ್ದ ಅದೇ ನಾಲ್ಕು, ಅವಳಪ್ಪನ ಕೋವಿಯ ಅಳತೆಗೆ ಹೊಸದಾಗಿ ಒತ್ತಿದವು.

"ಇದು ನಿಮ್ಮಪ್ಪನಿಗೆ," ಅಂದ ಮೆಲ್ಲಗೆ. "ನಿನಗಲ್ಲ."

ಅವಳು ಹೊಡೆದಳು. ಬೋಲ್ಟು ಬೆಣ್ಣೆಯ ಹಾಗೆ ಮುಚ್ಚಿತು. ಅಪ್ಪನ ಕೋವಿ ಬೆಟ್ಟಗಳೆಲ್ಲ ಕೇಳುವಂತೆ ಗುಡುಗಿತು, ಕಪ್ಪುಮದ್ದಿನ ಬಿಳಿ ಹೊಗೆ ಎದ್ದಿತು, ಯಾರೋ ಟೋಪಿ ತೆಗೆದರು. ಅವಳಿಗೆ ಗುರಿಯೂ ಸರಿಯಾಗಿ ಕಾಣಲಿಲ್ಲ, ಕಣ್ಣು ತುಂಬಿತ್ತು. ಹೊಡೆದು ಮುಗಿದ ಮೇಲೆ ಹುಲ್ಲಿನಲ್ಲಿ ಬಿದ್ದ ಹಿತ್ತಾಳೆಯ ಕಡೆ ಬಗ್ಗಿದಳು.

"ಮುಟ್ಬೇಡ," ಅಂದ ಕಾಸ್ಪರ್.

"ಅವಳೇ ಹೆಕ್ಕಿ ಕೊಡ್ಲಿ ಬಿಡಣ್ಣ, ನಿನ್ನ ಮಂಡಿ ನೋವಲ್ವಾ?" ಅಂದ ಫ್ರಿಡ್ಲಿ.

"ನನ್ನ ಕಣ್ಣು ಚೆನ್ನಾಗೇ ಇದೆ ಕಣಯ್ಯ."

ಬೆಂಚು ಹಿಡಿದುಕೊಂಡು ಒಂದೊಂದೇ ಮೊಣಕಾಲೂರಿ ಕೂತು, ಅವನು ಹುಲ್ಲಿನಲ್ಲಿ ಕೈಯಾಡಿಸತೊಡಗಿದ. ಒಂದು ಕೊಳವೆ ರೆಗುಲಾಳ ಬೂಟಿನ ಪಕ್ಕದಲ್ಲೇ ಬಿದ್ದಿತ್ತು. ಅವನು ಅಲ್ಲಿಗೆ ಬರುವವರೆಗೂ ಅವಳು ಕೈಗಳನ್ನು ಹಿಂದೆ ಕಟ್ಟಿಕೊಂಡು, ಕಾಲು ಕದಲಿಸದೆ ನಿಂತೇ ಇದ್ದಳು.